ಟೌನ್ ಹಾಲಿನ ಅಡಿಗಲ್ಲು

ಆ ಟೌನ್ ಹಾಲ್ ನೆನೆಸಿಕೊಂಡರೆ ನಾನು ಈಗಲೂ ಮೂಗು ಮುಚ್ಚಿಕೊಳ್ಳುತ್ತೇನೆ. ಮದ್ರಾಸಿನ ಹಳೇ ಪೇಟೆಯ ವರ್ತಕರು ಚಂದಾ ಎತ್ತಿ ಕಟ್ಟಿಸಿದ ಕೆಂಪು ಕಟ್ಟಡ ಅದು. ನಾನು ಕಂಡದ್ದು ಮೆಟ್ಟಿಲ ತುಂಬ ಎಲೆಅಡಿಕೆ ಉಗುಳು, ಕಂಬದ ಸಂದಿಯಲ್ಲಿ ಉಚ್ಚೆಯ ನಾತ, ಒಳಗೆ ಪಾರಿವಾಳದ ಹಿಕ್ಕೆ. ಹಿಂಬದಿಯಲ್ಲಿ ನನ್ನ ಅಪ್ಪಯ್ಯನ ಕ್ಯಾಂಟೀನು. ಉಡುಪಿ ಕಡೆಯಿಂದ ಬಂದವರು, ಮೂವತ್ತು ವರ್ಷ ಅಲ್ಲೇ ಇಡ್ಲಿ ಬೇಯಿಸಿದರು.

ಎರಡು ಸಾವಿರನೇ ಇಸವಿಯ ಆಚೀಚೆ ಇರಬೇಕು, ಹಾಲ್ ಕಮಿಟಿಯ ಸೆಕ್ರೆಟರಿ ನನ್ನನ್ನು ಕರೆಸಿದ. ನಾನು ಅಡ್ಯಾರಿನ ಸ್ಕೂಲಲ್ಲಿ ಹಿಸ್ಟರಿ ಟೀಚರು. ಕಟ್ಟಡದ ಚರಿತ್ರೆ ಬರೆದುಕೊಡಬೇಕಂತೆ. ಆ ಕಟ್ಟಡವನ್ನು ಯಾವನೋ ಕಲ್ಯಾಣಮಂಟಪದವನಿಗೆ ವಹಿಸುವ ಹುನ್ನಾರ ನಡೆದಿತ್ತು. ಪೇಟೆಯ ಜನ ತಕರಾರು ತೆಗೆದಿದ್ದರು: ಹಾಲ್ ಎಲ್ಲರದ್ದು, ಎಂದೆಂದಿಗೂ ಬಾಗಿಲು ಹಾಕಬಾರದು ಅಂತ ಅಡಿಗಲ್ಲಿನಲ್ಲೇ ಕೆತ್ತಿದೆ. ಆ ಕಲ್ಲು ಮಾತ್ರ ಯಾವುದೋ ರಿಪೇರಿಯಲ್ಲಿ ಕಿತ್ತುಹೋಗಿ ಕಾಣೆಯಾಗಿತ್ತು; ಅದಿಲ್ಲದೆ ತಕರಾರು ನಿಲ್ಲುವ ಹಾಗಿರಲಿಲ್ಲ.

"ಸಿಕ್ಕಿಲ್ಲ ಅಂತ ಬರೆದುಬಿಡಿ ಟೀಚರ್. ನಿಮ್ಮಪ್ಪನ ಕ್ಯಾಂಟೀನಿಗೆ ಏನೂ ಆಗಲ್ಲ," ಅಂತ ಸೆಕ್ರೆಟರಿ ಹಲ್ಲು ಕಿರಿದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು.

ಸಂಜೆ ಅಪ್ಪಯ್ಯನನ್ನು ಕೇಳಿದೆ. ದೋಸೆ ಮಗುಚುತ್ತಲೇ, "ಅದಾ? ನಮ್ಮ ಮುಸುರೆ ಕಲ್ಲು ಅಲ್ದಾ ಮಾರಾಯ್ತಿ," ಅಂದರು.

ಹಿತ್ತಲಲ್ಲಿ ಎಂಜಲು ಪಾತ್ರೆ ತಿಕ್ಕುವ ಚಪ್ಪಡಿ. "ಮೇಲೆ ಅಕ್ಷರ ಇತ್ತು. ಕಾಲು ತಾಗಿದರೆ ಸರಸ್ವತಿಗೆ ಅಪಚಾರ ಅಂತ ನಾನೇ ಮಗುಚಿ ಹಾಕಿಸಿದೆ," ಅಂದರು, ದೊಡ್ಡ ಪುಣ್ಯ ಕಟ್ಟಿಕೊಂಡವರ ಹಾಗೆ.

ಕುಕ್ಕರಗಾಲಲ್ಲಿ ಕೂತು ಕಲ್ಲಿನಡಿ ಕೈ ತೂರಿಸಿದೆ. ಹುಳಿ ಜಿಡ್ಡು, ಕೊಳೆತ ಅನ್ನ, ಲೊಳಲೊಳ ಹುಳ. ಅದರೊಳಗೆ ಬೆರಳಿಗೆ ಅಕ್ಷರ ಸಿಕ್ಕವು.

"ಕಲ್ಲು ಎತ್ತಿಸುವ, ಅಪ್ಪಯ್ಯ."

ಅವರ ಕೈ ನಿಂತಿತು. "ಎತ್ತಿಸಿದರೆ ಕಮಿಟಿಯವರು ನಾಳೆಯೇ ನನ್ನನ್ನು ಇಲ್ಲಿಂದ ಎಬ್ಬಿಸ್ತಾರೆ ಮಗಾ. ಈ ಪ್ರಾಯದಲ್ಲಿ ನಾನು ಎಲ್ಲಿಗೆ ಹೋಗುವುದು?"

ನಾಲ್ಕು ಸಲ ಸೋಪು ಹಾಕಿ ತೊಳೆದರೂ ಕೈ ನಾರುತ್ತಲೇ ಇತ್ತು. ಅದೇ ಕೈಯಲ್ಲಿ ಬರೆದೆ: ಅಡಿಗಲ್ಲು ಸಿಕ್ಕಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

ಹಾಲ್ ಕೈಬದಲಾಯಿತು. ಮುಂದಿನ ಗೇಟಿಗೆ ಬೀಗ ಬಿತ್ತು. ವರಾಂಡದಲ್ಲಿ ದಿನಾ ಪೇಪರ್ ಓದುತ್ತಿದ್ದ ಮುದುಕರನ್ನು ವಾಚ್‌ಮನ್ ಅಟ್ಟಿದ. ಅವರಲ್ಲೊಬ್ಬರು, ತಕರಾರಿಗೆ ಮೊದಲ ಸಹಿ ಹಾಕಿದ್ದವರು, ಬಸ್ ಸ್ಟಾಪಲ್ಲಿ ನನ್ನನ್ನು ನಿಲ್ಲಿಸಿ, "ಎಲ್ಲ ಕಡೆ ಹುಡುಕಿದೆಯಾಮ್ಮಾ?" ಅಂತ ಕೇಳಿದರು.

"ಹುಡುಕಿದೆ ತಾತಾ," ಅಂದೆ.

ಅಷ್ಟಾದರೂ ಮಾಡಿದೆಯಲ್ಲ ಅಂತ ಅವರು ನನಗೆ ಕೈಮುಗಿದರು.