ಬಂದಿಲ್ಲ ಎಂದ ಕಾಗದ

ಮಾದಪ್ಪ, ಆ ಶನಿವಾರ ನೀನು ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೇಳಿದೆಯಲ್ಲ — "ಅವ್ವ, ಕಾಗದ ಬರೆದಿದ್ದೆ ಅಂತಾನೆ ಇವನು. ಯಾವುದಾದ್ರೂ ಬಂದಿತ್ತಾ?" — ನಾನು "ಇಲ್ಲ" ಎಂದೆ. ಅದು ಸುಳ್ಳು. ಕಾಗದ ಬಂದಿತ್ತು. ನನ್ನ ಕೈಗೇ ಬಂದಿತ್ತು. ನಿನ್ನ ಹೆಸರಿನ ಕಾಗದವನ್ನು ನಾನು ಒಡೆದು, ಇನ್ನೊಬ್ಬರ ಬಾಯಲ್ಲಿ ಓದಿಸಿ, ನನ್ನ ಕಬ್ಬಿಣದ ಪೆಟ್ಟಿಗೆಯ ತಳದ ಪೇಪರಿನ ಕೆಳಗೆ ಇಟ್ಟೆ. ಎಂಟು ವರ್ಷದಿಂದ ಅದರ ಮೇಲೆ ಸೀರೆ ಮಡಿಸಿ ಇಡುತ್ತಿದ್ದೇನೆ.

ನೀನು ಇದೇ ಮನೆಯಲ್ಲಿ, ಗೋಡೆಯ ಆಚೆ ಇರುವವನು. ಮಾತಿನಲ್ಲೇ ಹೇಳಬಹುದಿತ್ತು. ಶುರು ಮಾಡಿದರೆ ನೀನು "ಕ್ಲಿನಿಕ್ಕಿಗೆ ಹೊತ್ತಾಯ್ತು ಅವ್ವ" ಎನ್ನುತ್ತೀ, ನಾನು "ಹೋಗು ಹೋಗು" ಎನ್ನುತ್ತೇನೆ — ಅಲ್ಲಿಗೆ ಮುಗಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಮನೆಯ ಮಾತು ಕೊಡವ ತಕ್ಕ್ ಆದರೂ ನನಗೆ ಬರೆಯಲು ಕಲಿಸಿದ್ದು ಕನ್ನಡ, ಅದೂ ನಾಲ್ಕನೇ ಕ್ಲಾಸಿನವರೆಗೆ. ಅಕ್ಷರ ಸೊಟ್ಟಗಿದ್ದರೆ ಇರಲಿ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಮುಂದೊಂದು ದಿನ ನಿನ್ನ ಮಗ ಸೋಮುವಿನ ಮಗಳು, ನೀನಿನ್ನೂ ನೋಡದ ಮೊಮ್ಮಗಳು, ಯಾರ ಹತ್ತಿರವಾದರೂ ಇದನ್ನು ಓದಿಸಿಕೊಂಡರೆ ಅವಳಿಗೂ ತಲೆಬುಡ ತಿಳಿಯಬೇಕು.

ನಿನ್ನ ಹೆಂಡತಿ ತೀರಿಕೊಂಡಾಗ ಸೋಮುವಿಗೆ ಐದು ವರ್ಷ. ನಾನು ಕೊಡಗಿನಿಂದ ನೈರೋಬಿಗೆ ಬಂದದ್ದು ಅವನಿಗೆ ಅನ್ನ ಹಾಕಲು. ಬಂದು ನೋಡಿದರೆ ಆ ಹುಡುಗನಿಗೆ ಬೇಕಾಗಿದ್ದದ್ದು ಅನ್ನವಲ್ಲ, ಎದುರಿಗೆ ನಿಂತು ಹೊಡೆಯುವ ಒಂದು ಜನ. ಸ್ಪ್ರಿಂಗ್ ವ್ಯಾಲಿಯ ಈ ಹಿತ್ತಿಲಿನ ಬೆಣ್ಣೆಹಣ್ಣಿನ ಮರದಿಂದ ಬಲಿಯದೆ ಉದುರಿದ ಕಾಯಿಗಳು ಕಲ್ಲಿನ ಹಾಗೆ ಬಿದ್ದಿರುತ್ತಿದ್ದವು. ನಾನು ಸೆರಗು ಸಿಕ್ಕಿಸಿ ಎಸೆಯುತ್ತಿದ್ದೆ. ಅವನು ಗ್ಯಾರೇಜಿನ ಬಾಗಿಲೇ ಗೋಲು ಎಂದು, ನೀನು ಹಾಕಿ ಆಟದ ಕ್ಲಬ್ಬಿನಿಂದ ತಂದ ಹಳೆಯ ಪ್ಯಾಡು ಕಟ್ಟಿಕೊಂಡು ತಡೆಯುತ್ತಿದ್ದ.

"ಜೋರಾಗಿ ಹೊಡಿ ತಾಯಿ! ಮುದುಕಿ ಥರ ಎಸೀತೀಯ!" — ನಮ್ಮಲ್ಲಿ ಅಜ್ಜಿಯನ್ನು ತಾಯಿ ಎನ್ನುವುದು.

"ಮುದುಕಿನೇ ಅಲ್ವೇನೋ ನಾನು?" ಎಂದು ಹಣೆಗೇ ಒಂದು ಬಿಟ್ಟೆ. ಊದಿತು. ಅವನು ಅಳಲಿಲ್ಲ. ಕಾಯಿ ಬರುವಾಗ ಕಣ್ಣು ಮುಚ್ಚಲೂ ಇಲ್ಲ. ಎಲ್ಲ ಮಕ್ಕಳೂ ಕಣ್ಣು ಮುಚ್ಚುತ್ತಾರೆ, ಇವನು ಮುಚ್ಚಲಿಲ್ಲ. ಅಂದೇ ನನಗೆ ಗೊತ್ತಾಯಿತು. ಕೆನಡಾದ ಕೋಚುಗಳೆಲ್ಲ ಆಮೇಲೆ ಬಂದವರು. ಮೊದಲ ಕೋಚು ನಾನು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ.

ಹದಿಮೂರಕ್ಕೆ ಅವನ ಸೋದರಮಾವ ಓದಿಸಲು ಕೆನಡಾಕ್ಕೆ ಕರೆದುಕೊಂಡು ಹೋದ. ಡಾಕ್ಟರಾಗಿ ಬಂದು ನಿನ್ನ ಪಕ್ಕ ಕೂರುತ್ತಾನೆ ಎಂದು ನೀನು ಹರ್ಲಿಂಗ್‌ಹ್ಯಾಮಿನ ಕ್ಲಿನಿಕ್ಕಿಗೆ ಎರಡನೇ ಕುರ್ಚಿ ಮಾಡಿಸಿದೆ. ಕೆನಡಾದಲ್ಲಿ ಹುಲ್ಲಿನ ಮೇಲೆ ಆಡುವ ಹಾಕಿ ಇಲ್ಲ. ಮಂಜುಗಡ್ಡೆಯ ಮೇಲೆ, ಕತ್ತಿಯಂಥ ಪಟ್ಟಿ ಇರುವ ಬೂಟು ಹಾಕಿಕೊಂಡು ಆಡುವುದು. ಚೆಂಡಿಲ್ಲ, ಕಪ್ಪು ರಬ್ಬರಿನ ಬಿಲ್ಲೆ. ಇವನಿಗೆ ಜಾರಲು ಬರುತ್ತಿರಲಿಲ್ಲ. ತಮಾಷೆಗೆ ಗೋಲಿನಲ್ಲಿ ನಿಲ್ಲಿಸಿದರಂತೆ. ನಿಂತ. ಆಮೇಲೆ ಅವನನ್ನು ಅಲ್ಲಿಂದ ಕದಲಿಸಲು ಯಾರಿಂದಲೂ ಆಗಲಿಲ್ಲ. ಓದಿನ ಜೊತೆಗೆ ಕಾಲೇಜಿನ ಟೀಮಿನಲ್ಲಿ ಆಡುತ್ತಾನೆ ಎಂದು ನೀನೂ ಕ್ಲಬ್ಬಿನಲ್ಲಿ ಹೇಳಿಕೊಂಡು ತಿರುಗಿದೆ. ಓದಿನ ಜೊತೆಗೆ — ಅದೇ ನಿನ್ನ ಮಾತು.

ಆ ಕಾಗದ ಬಂದಾಗ ಅವನಿಗೆ ಇಪ್ಪತ್ತಾಗಿತ್ತು. ಅಂಚೆಯಲ್ಲಿ ಬಂದಿದ್ದರೆ ಕಾಗದ ನಿನ್ನ ಪೋಸ್ಟ್ ಬಾಕ್ಸಿಗೆ ಹೋಗಿ ನಿನಗೇ ಸಿಗುತ್ತಿತ್ತು. ಇದು ಕೈಯಲ್ಲಿ ಬಂತು. ಎದುರು ಮನೆಯ ಸರ್ದಾರ್ಜಿಯ ಹೆಂಡತಿ ಕೆನಡಾದಲ್ಲಿ ತಂಗಿಯ ಮನೆಗೆ ಹೋಗಿದ್ದವಳು, ಬರುವಾಗ ನನಗೊಂದು ಸ್ವೆಟರು, ನಿನಗೊಂದು ಲಕೋಟೆ ತಂದುಕೊಟ್ಟಳು. ಲಕೋಟೆಯೊಳಗೆ ಫೋಟೋ ಇದ್ದ ಹಾಗೆ ಗಟ್ಟಿಯಾಗಿತ್ತು. ಒಡೆದೆ. ಫೋಟೋದಲ್ಲಿ ಅವನು ಬೆನ್ನು ತಿರುಗಿಸಿ ನಿಂತು ತಲೆ ಹೊರಳಿಸಿ ನಗುತ್ತಿದ್ದ. ಮುಂದಿನ ಹಲ್ಲೊಂದು ಇಲ್ಲ. ಬೆನ್ನಿನ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರ. ನನಗೆ ಇಂಗ್ಲಿಷ್ ಓದಲು ಬಾರದು. ಆದರೆ ಆ ಅಕ್ಷರಗಳನ್ನು ನಿನ್ನ ಕ್ಲಿನಿಕ್ಕಿನ ಬೋರ್ಡಿನಲ್ಲಿ ನೋಡಿದ್ದೇನೆ. ನಿನ್ನ ಹೆಸರು, ಮಾದಪ್ಪ.

ಕಾಗದ ಓದಿದ್ದು ವಂಜಿರು. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸ ಮಾಡುವವಳು, ನನಗಿಂತ ಹೆಚ್ಚು ಓದಿದವಳು. ಅವಳು ಇಂಗ್ಲಿಷ್ ಓದಿ ಸ್ವಾಹಿಲಿಯಲ್ಲಿ ಹೇಳುವುದು, ನಾನು ತರಕಾರಿ ಕೊಳ್ಳುವಷ್ಟು ಬರುವ ಸ್ವಾಹಿಲಿಯಲ್ಲಿ ಕೇಳುವುದು. ಹಾಗೆ ತಿಳಿದದ್ದು ಇಷ್ಟು: ಸಂಬಳ ಕೊಟ್ಟು ಆಡಿಸುವ ಟೀಮೊಂದು ಅವನನ್ನು ಕರೆದಿದೆ. ಹೋದರೆ ಓದು ಬಿಡಬೇಕು. ಅವನಿಗೆ ಹೋಗುವ ಆಸೆ. ಆದರೆ ನಿಮ್ಮನ್ನು ಕೇಳದೆ ಹೋಗುವುದಿಲ್ಲ ಡ್ಯಾಡಿ. ಬೇಡ ಅನ್ನುವುದಾದರೆ ತಿಂಗಳ ಕೊನೆಯೊಳಗೆ ಒಂದು ಫೋನು ಮಾಡಿ, ಓದಿಗೇ ಕೂರುತ್ತೇನೆ, ಬೇಜಾರಿಲ್ಲ. ಫೋನು ಬರದಿದ್ದರೆ ಒಪ್ಪಿದಿರಿ ಅಂದುಕೊಳ್ಳುತ್ತೇನೆ.

ಫೋನು ಬರದಿದ್ದರೆ.

ನೋಡು, ಅವನನ್ನು ಆಟಕ್ಕೆ ಕಳಿಸಲು ನಾನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನಿದ್ದರೆ ಸಾಕಾಗಿತ್ತು.

ವಂಜಿರು ಕಾಗದ ಮಡಿಸಿ ಮೇಜಿನ ಮೇಲೆ ಇಟ್ಟಳು. "ಶೋಶೋ" ಎಂದಳು — ಅಜ್ಜಿಗೆ ಅವರು ಹಾಗನ್ನುವುದು — "ಇದು ಡಾಕ್ಟರ ಬರುವಾ, ಅವರ ಕಾಗದ. ಅವರಿಗೆ ಕೊಡು."

"ಕೊಡ್ತೀನಿ. ನಿನ್ನ ಕೆಲಸ ನೋಡು."

"ನೀನು ಕೊಡಲ್ಲ. ಎರಡು ಚಮಚ ಸಕ್ಕರೆ ತಗೊಂಡ್ರೆ ನನ್ನನ್ನ ಕಳ್ಳಿ ಅಂತೀಯ. ಇದೇನು, ಸಕ್ಕರೆಗಿಂತ ಸಣ್ಣದಾ?"

ಬೈದೆ ಅವಳಿಗೆ. ಬೈದು ಪೆಟ್ಟಿಗೆ ತೆರೆದೆ.

ವಾರ ಕಳೆದು ಸೋಮು ನೀನಿಲ್ಲದ ಹೊತ್ತಿಗೆ ಫೋನು ಮಾಡಿದ. "ತಾಯಿ, ಡ್ಯಾಡಿಗೆ ಲೆಟರ್ ಕೊಟ್ಯಾ?"

"ಕೊಟ್ಟೆ" ಎಂದೆ.

"ಏನಾದ್ರೂ ಅಂದ್ರಾ?"

"ಏನೂ ಅನ್ಲಿಲ್ಲ." — ಅದೊಂದು ಮಾತ್ರ ನಿಜ.

ಆಮೇಲೆ ಒಂದೂವರೆ ವರ್ಷ. ಅವನು ಫೋನಿನಲ್ಲಿ ಟೀಮು ಎಂದರೆ ನೀನು ಕಾಲೇಜಿನ ಟೀಮು ಎಂದುಕೊಂಡೆ. ಇನ್ನು ಫೀಸು ಕಳಿಸಬೇಡಿ, ಟೀಮಿನವರೇ ನೋಡಿಕೊಳ್ಳುತ್ತಾರೆ ಎಂದರೆ ಸ್ಕಾಲರ್‌ಶಿಪ್ಪು ಎಂದುಕೊಂಡೆ. ಅವನ ಸೋದರಮಾವ ಹೊಸ ವರ್ಷಕ್ಕೊಂದು ಕಾರ್ಡು ಹಾಕುವವನು, ಅಷ್ಟೆ. ನೀವಿಬ್ಬರೂ "ಚೆನ್ನಾಗಿದೀಯಾ", "ಚೆನ್ನಾಗಿದೀನಿ" ಎಂದು ಫೋನು ಇಡುತ್ತಿದ್ದಿರಿ. ನಾನು ಪಕ್ಕದಲ್ಲಿ ಬೀನ್ಸ್ ಸೋಸುತ್ತಿದ್ದೆ.

ಆ ಶನಿವಾರ ರುಂಡಾ ಬಡಾವಣೆಯಲ್ಲಿ ನಿನ್ನ ಪೇಷಂಟ್ ಒಬ್ಬ, ಕೆನಡಾದವನು, ಕಾಲು ಸರಿ ಮಾಡಿದ್ದಕ್ಕೆ ಊಟಕ್ಕೆ ಕರೆದ. ಊಟವಾದ ಮೇಲೆ ತನ್ನ ಊರಿನಿಂದ ತರಿಸಿದ ಆಟದ ವೀಡಿಯೊ ಕ್ಯಾಸೆಟ್ಟು ಹಾಕಿದ. ಗೋಲಿನಲ್ಲಿರುವವನ ಬೆನ್ನಿನ ಮೇಲೆ ನಿನ್ನ ಹೆಸರು. ನಿಮ್ಮ ಕಡೆಯವನಾ ಡಾಕ್ಟರ್ ಎಂದು ಕೇಳಿದನಂತೆ. ಒಂದೂವರೆ ವರ್ಷದಿಂದ ಇವನು ನಮ್ಮ ಊರಿಗೆ ಆಡುತ್ತಾನೆ, ಅದೇ ಅವನ ಕೆಲಸ, ನಿಮಗೆ ಗೊತ್ತಿಲ್ಲವಾ ಎಂದನಂತೆ. ಹೊರಗಿನವನ ಬಾಯಲ್ಲಿ, ಅವನ ಸೋಫಾದಲ್ಲಿ ಕೂತು ನೀನು ಅದನ್ನು ಕೇಳಿದೆ.

ಸಂಜೆ ಐದಕ್ಕೆ ಬಂದವನು ಬೂಟೂ ಬಿಚ್ಚದೆ ಫೋನು ಹಚ್ಚಿದೆ. ಅವನು ಕಾಗದ ಎಂದ. ನೀನು ನನ್ನ ಕಡೆ ತಿರುಗಿದೆ. ನಾನು — ಆಗಲೇ ಹೇಳಿದೆನಲ್ಲ. "ಓದು ಬಿಟ್ಟಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ. ನನಗೆ ಮಗ ಇಲ್ಲ" ಎಂದು ನೀನು ಫೋನು ಕುಕ್ಕಿದೆ. ಯಾರ ಕೈಯಲ್ಲಿ ಕಳಿಸಿದ ಎಂದು ಹೇಳಲು ಅವನಿಗೆ ನೀನು ಬಿಡಲಿಲ್ಲ. ಸುಳ್ಳು ಹೇಳಿದವಳು ಮೂರು ಅಡಿ ದೂರದಲ್ಲಿ ನಿಂತಿದ್ದಳು. ಅವನು ಏನೆಂದುಕೊಂಡ ಗೊತ್ತೇ? ಡ್ಯಾಡಿ ಕಾಗದ ಓದಿ, ಒಂದೂವರೆ ವರ್ಷ ಸುಮ್ಮನಿದ್ದು, ಈಗ ಓದಿಲ್ಲ ಎನ್ನುತ್ತಾರೆ ಎಂದು. ಆರು ವರ್ಷದಿಂದ ನೀವಿಬ್ಬರೂ ಒಬ್ಬರನ್ನೊಬ್ಬರು ಸುಳ್ಳುಗಾರ ಎಂದುಕೊಂಡಿದ್ದೀರಿ. ಇಬ್ಬರೂ ನಿಜ ಹೇಳಿದವರು.

ಯಾಕೆ ಕೊಡಲಿಲ್ಲ? ನೀನು ಬೇಡ ಎನ್ನುತ್ತೀ ಎಂದು. ನನಗೆ ಅಷ್ಟು ಖಾತ್ರಿ. ನೀನು ಓದುವಾಗ ಮೆಡಿಕಲ್ ಸೀಟಿಗೆ ಮಾರ್ಕು ಸಾಲದು ಎಂದಾಗ ನಿನ್ನ ಹಾಕಿ ಸ್ಟಿಕ್ಕನ್ನು ಬಚ್ಚಲ ಒಲೆಗೆ ಹಾಕಿದವಳು ನಾನು. ನೀನು ಹೋಗಿ ಪುಸ್ತಕ ಹಿಡಿದೆ. ನನ್ನ ಹಾಗೇ ನೀನೂ ಮಾಡುತ್ತೀ ಎಂದು ಎಣಿಸಿದೆ. ನಿನ್ನನ್ನು ಕೇಳಬೇಕು ಎಂದು ಹೊಳೆಯಲೇ ಇಲ್ಲ — ಇಲ್ಲ, ಹೊಳೆಯಿತು. ಕೇಳಲಿಲ್ಲ. ಸ್ಟಿಕ್ಕು ಸುಟ್ಟ ತಪ್ಪನ್ನು ತೊಳೆಯಲು ಹೀಗೆ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಹೇಳಬೇಡಿ. ಅದೂ ತಪ್ಪು, ಇದೂ ತಪ್ಪು. ಎರಡು ಸಲವೂ ಕಳೆದುಕೊಂಡವನು ನೀನೇ.

ಅವನ ಆಟದ ಬಗ್ಗೆ ನೀನು ಕೇಳಲಿಲ್ಲ; ನೀನಿಲ್ಲದ ಹೊತ್ತಿಗೆ ಅವನು ನನಗೆ ಫೋನು ಮಾಡುತ್ತಾನೆ, ನಾನೇ ಹೇಳುತ್ತೇನೆ. ನಿನ್ನ ಮಗ ಸಂಬಳಕ್ಕೆ ಎಂಟು ವರ್ಷ ಆಡಿದ. ಸಣ್ಣ ಊರಿನ ಟೀಮು, ಹಿಮದಲ್ಲಿ ಹತ್ತು ಗಂಟೆ ಬಸ್ಸು, ಇಳಿದ ಕೂಡಲೇ ಆಟ. ಗಲ್ಲಕ್ಕೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು ಅದೇ ಆಟಕ್ಕೆ ತಿರುಗಿ ಬಂದು ನಿಂತ. ಎರಡು ಸಲ ದೊಡ್ಡ ಟೀಮಿಗೆ ಕರೆದರು. ಅಲ್ಲಿ ಒಂದು ಆಟದಲ್ಲಿ ಒಂದೇ ಒಂದು ಗೋಲೂ ಬಿಡಲಿಲ್ಲ. ಅದರ ಕ್ಯಾಸೆಟ್ಟು ಹಾಕಿ ಫೋನನ್ನು ಟೀವಿಗೆ ಹಿಡಿದ, ನನಗೆ ಕೇಳಲಿ ಎಂದು. ಅಷ್ಟೂ ಜನ ಒಟ್ಟಿಗೆ ಕೂಗುತ್ತಿದ್ದರು — ಮಾ-ಡಾ-ಪಾ, ಮಾ-ಡಾ-ಪಾ. ತಪ್ಪಾಗಿ ಕೂಗಿದರು. ಆದರೇನು, ಕೂಗಿದರು. ನಿನ್ನ ಹೆಸರು. ನಾನು ಫೋನು ಹಿಡಿದು ವಂಜಿರುವನ್ನೂ ಕರೆದು ಕೇಳಿಸಿದೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಬಡಿದು ಕುಣಿದಳು. ಅಂದು ನೀನು ಮನೆಗೆ ಬಂದಾಗ ಪಾಯಸ ಯಾಕೆ ಎಂದು ಕೇಳಿದೆ. ಹಾಲು ಹೆಚ್ಚಾಗಿತ್ತು ಎಂದೆ.

ಹೋದ ವರ್ಷ ಅವನ ಮೊಣಕಾಲು ಹೋಯಿತು. ನೈರೋಬಿಯ ಅರ್ಧ ಜನದ ಮೊಣಕಾಲು ನೋಡುವ ಅಪ್ಪನನ್ನು ಕೇಳಲು ಅವನಿಗೆ ಬಾಯಿಲ್ಲ. ನಾನು ಕೇಳಿದೆ. "ಯಾರಿಗೆ?" ಎಂದೆ ನೀನು. "ವಂಜಿರುಗೆ" ಎಂದೆ. ಪಾಪ, ಅವಳು ಗಟ್ಟಿಮುಟ್ಟಾದ ಕಾಲನ್ನು ಕುಂಟಿಸಿಕೊಂಡು ಬಂದಳು. ನೀನು ಮಣಿಸಿ, ಒತ್ತಿ ನೋಡಿ, "ಇವಳಿಗೇನೂ ಆಗಿಲ್ಲ ಅವ್ವ" ಎಂದೆ. "ಆಗಿದ್ದಿದ್ರೆ ಏನು ಮಾಡ್ತಿದ್ದೆ, ಅದನ್ನ ಹೇಳು" ಎಂದು ನಾನು ಹಟ ಹಿಡಿದೆ. ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ ಕೂತು, ನಿಧಾನವಾಗಿ, ಒಂದೊಂದಾಗಿ ಎಲ್ಲವನ್ನೂ ಹೇಳಿದೆ. ಆಟ ಆಡುವವರಾದರೆ ಇನ್ನು ಆಡಬಾರದು ಎಂದೂ ಹೇಳಿದೆ. ವಂಜಿರು ಯಾವ ಆಟ ಆಡುತ್ತಾಳೆ ಎಂದು ನೀನು ಕೇಳಲಿಲ್ಲ. ಈ ವರ್ಷ ಅವನು ಆಟ ಬಿಟ್ಟ. ಈಗ ಗೋಲಿನಲ್ಲಿ ನಿಲ್ಲುವವರಿಗೆ ಕಲಿಸುತ್ತಾನೆ.

ಇನ್ನೊಂದಿದೆ. ರುಂಡಾದಿಂದ ನೀನು ಆ ಕ್ಯಾಸೆಟ್ಟನ್ನು ಕೇಳಿ ತಂದಿದ್ದೆ. ಮರುದಿನ ಭಾನುವಾರ ಮಧ್ಯಾಹ್ನ ನಾನು ಮಲಗಿದ್ದೇನೆ ಎಂದುಕೊಂಡು ಹಾಕಿದೆ. ಬಾಗಿಲ ಸಂದಿಯಲ್ಲಿ ನೋಡಿದೆ. ಅವನು ಬಲಕ್ಕೆ ಬಿದ್ದಾಗ ನಿನ್ನ ಹೆಗಲು ಬಲಕ್ಕೆ ವಾಲಿತು. ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ, ಮತ್ತೆ ವಾಲಿತು. ಕಾಗದ ಕೊಟ್ಟಿದ್ದರೆ ನೀನು ಬಹುಶಃ — ಅಂದೇ ನಿನ್ನ ಮುಂದೆ ಬಂದು ಹೇಳಬೇಕಿತ್ತು. ಹೋಗಿ ಚಹಾಕ್ಕೆ ನೀರಿಟ್ಟೆ.

ಹೋದ ಭಾನುವಾರ ಮೈಸೂರಿನಿಂದ ಹೊಸದಾಗಿ ಬಂದ ಆ ಲೆಕ್ಚರರು ಕಾಫಿ ಕುಡಿಯುತ್ತಾ "ಮಕ್ಕಳೆಷ್ಟು ಡಾಕ್ಟ್ರೇ?" ಎಂದು ಕೇಳಿದರು. ನೀನು "ಇಲ್ಲ" ಎಂದೆ. ನಾನು ಹೇಳಿದ ಅದೇ ಮಾತು, ಅದೇ ದನಿಯಲ್ಲಿ. ಟ್ರೇ ಹಿಡಿದು ನಿಂತಿದ್ದೆ. ಇನ್ನು ಇಟ್ಟುಕೊಳ್ಳಲು ಆಗುವುದಿಲ್ಲ.

ನಿನ್ನೆ ಸೋಮುವಿಗೆ ಫೋನಿನಲ್ಲಿ ಹೇಳಿದೆ, ಕೊಟ್ಟೆ ಎಂದದ್ದು ಸುಳ್ಳು ಎಂದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಹಾಗಾದ್ರೆ ಡ್ಯಾಡಿ ಓದೇ ಇಲ್ವಾ ತಾಯಿ?" ಎಂದ, ಐದು ವರ್ಷದ ಹುಡುಗನ ಹಾಗೆ.

ಅವನ ಕಾಗದ, ಫೋಟೋ ಎರಡನ್ನೂ ಇದರ ಜೊತೆಗೆ ನಿನ್ನ ಕನ್ನಡಕದ ಕೆಳಗೆ ಇಟ್ಟಿದ್ದೇನೆ. ಅಂದು ಅವನಿಗೆ ಸಿಕ್ಕ ಒಪ್ಪಿಗೆ ನನ್ನದು, ನಿನ್ನದಲ್ಲ. ನಿನ್ನದು ಏನಿತ್ತು ಎಂದು ಅವನಿಗೆ ಇನ್ನೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನನ್ನನ್ನು ಬೈಯುವುದಿದ್ದರೆ ಅಡುಗೆಮನೆಯಲ್ಲಿ ಇರುತ್ತೇನೆ, ಅಲ್ಲಿಗೇ ಬಾ. ಮೊದಲು ಅವನಿಗೆ ಫೋನು ಮಾಡು.