ಬೆಳಗಿನ ಕೈ

ನನ್ನ ಮಗಳಿಗೆ ಬೆಳಗಿನ ಕೈ ಬೇರೆ, ಮಧ್ಯಾಹ್ನದ ಕೈ ಬೇರೆ. ಎದ್ದಾಗ ಮಣಿಕಟ್ಟು ಬಾತು ಬಿಸಿಯಾಗಿರುತ್ತಿತ್ತು, ಬೆರಳುಗಳು ಅರ್ಧ ಮಡಿಚಿದಲ್ಲೇ ನಿಂತಿರುತ್ತಿದ್ದವು, ಮೊಣಕಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿ ಅದ್ದಿ ಸಡಿಲ ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ಓಣಿಯ ಹುಡುಗಿಯರ ಜೊತೆ ಕಲ್ಲು ಎಸೆದು ಹಿಡಿಯುವ ಆಣಿಕಲ್ಲು ಆಡುತ್ತಿದ್ದಳು. ಸೇಡಂನ ನಮ್ಮ ಓಣಿಗೆ ಗೊತ್ತಿದ್ದದ್ದು ಆ ಮಧ್ಯಾಹ್ನದ ಹುಡುಗಿ ಮಾತ್ರ. ‘ಚಂದ ಆಡ್ಲಿಕತ್ತಾಳಲ್ಲ, ಸಾಲಿ ತಪ್ಪಿಸ್ಲಿಕ್ಕ ನಾಟಕ ಮಾಡ್ತಾಳ’ ಅನ್ನುವರು. ‘ಸಣ್ಣ ಪೋರಿಗಿ ಎಲ್ಲಿ ವಾತ ಬರ್ತದ’ ಅನ್ನುವರು. ಮೊದಮೊದಲು ನಾನು ವಾದಕ್ಕೆ ನಿಂತೆ. ಆಮೇಲೆ ಸಂಜೆ ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟೆ.

ಇದು ತೊಂಬತ್ತರ ದಶಕದ ನಡುವಿನ ಮಾತು. ಹೈದರಾಬಾದಿನ ಡಾಕ್ಟರು, ಇದು ಮಕ್ಕಳಿಗೂ ಬರುವ ಸಂಧಿವಾತ, ವರ್ಷಗಟ್ಟಲೆ ಗುಳಿಗೆ ಬೇಕು, ಖಾಲಿ ಹೊಟ್ಟೆಯಲ್ಲಿ ಮಾತ್ರ ಕೊಡಬೇಡಿ ಅಂದಿದ್ದರು. ಗಂಡನಿಗೆ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ; ಬಂದರೆ ನಿದ್ದೆ, ಎದ್ದರೆ ಡ್ಯೂಟಿ. ರೈಲಿನಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹೋಗಿಬರುವವಳು ನಾನೊಬ್ಬಳೇ. ಎದುರಿನ ಸೀಟಿನವರೆಲ್ಲ ವೈದ್ಯರೇ. ಒಬ್ಬರು ಎಕ್ಕದ ಎಲೆ ಕಟ್ಟು ಅನ್ನುವರು, ಇನ್ನೊಬ್ಬರು ಕಬ್ಬಿಣ ಕಾಯಿಸಿ ಬರೆ ಹಾಕಿಸು ಅನ್ನುವರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಸೇಡಂ ಬಂತೇ ಅಂತ ನೋಡುತ್ತ ಕೂಡುತ್ತಿದ್ದೆ.

ಮನೆಯಲ್ಲಿ ಅತ್ತೆ ಇದ್ದರು. ಲಿಂಗಪೂಜೆ ಆಗದೆ ಹನಿ ನೀರು ಮುಟ್ಟದವರು. ಮೊಮ್ಮಗಳಿಗೆ ದೀಕ್ಷೆ ಕೊಡಿಸಿದ ಮೇಲೆ ಅವಳಿಗೂ ಅದೇ ನೇಮವಾಯಿತು. ಎಡ ಅಂಗೈಯನ್ನು ಅಗಲಿಸಿ, ಲಿಂಗವನ್ನಿಟ್ಟು, ಕಣ್ಣಿನ ಮಟ್ಟಕ್ಕೆ ಹಿಡಿದು ಕೂಡಬೇಕು. ಬೆಳಗಿನ ಕೈಗೆ ಅದು ಆಗದ ಕೆಲಸ. ಕೈ ಬಿಚ್ಚದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ, ಊಟವಿಲ್ಲದೆ ಗುಳಿಗೆಯಿಲ್ಲ, ಗುಳಿಗೆಯಿಲ್ಲದೆ ಕೈ ಬಿಚ್ಚುವುದಿಲ್ಲ.

‘ಅತ್ತಿ, ಮೊದಲ ಒಂದೀಟು ಉಣ್ಣಿಸ್ತೀನ್ರಿ’ ಅಂದರೆ, ‘ಶಿವ ನೋಡ್ಕೋತಾನ, ನೀ ಸುಮ್ಮ ಕುಂದ್ರು’ ಅನ್ನುವರು. ನೋಡಿಕೊಳ್ಳುತ್ತಿದ್ದವಳು ನಾನು.

ಒಂದು ಚಳಿಗಾಲದ ಬೆಳಿಗ್ಗೆ ನಾನು ರೊಟ್ಟಿ ತಟ್ಟುತ್ತಿದ್ದೆ. ಪಡಸಾಲೆಯಲ್ಲಿ ಪರಸಿ ಕಲ್ಲಿನ ನೆಲದ ಮೇಲೆ ಟಕ್ ಅಂತ ಸದ್ದಾಯಿತು. ಗೋಲಿ ಬಿದ್ದಷ್ಟು ಸಣ್ಣ ಸದ್ದು. ಲಿಂಗ ಕೈಯಿಂದ ಬೀಳುವುದೆಂದರೆ ನಮ್ಮ ಮನೆಗಳಲ್ಲಿ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಹಿಂದಿನವರು ಹಾಗಾದಾಗ ಪ್ರಾಣವನ್ನೇ ಬಿಟ್ಟರೆಂಬ ಕತೆಯನ್ನು ಅತ್ತೆಯೇ ಮೊಮ್ಮಗಳಿಗೆ ಹೇಳಿದ್ದರು. ಹಿಟ್ಟಿನ ಕೈಯಲ್ಲೇ ಓಡಿದೆ. ಮಗಳು ತನ್ನ ಬಿಚ್ಚದ ಬೆರಳುಗಳನ್ನು ನೋಡುತ್ತ ಕೂತಿದ್ದಳು.

‘ಆಯಿ, ಈಗ ನಾ ಸಾಯಬೇಕೇನು?’ ಅಂತ ಅಜ್ಜಿಯನ್ನು ಕೇಳಿದಳು.

ಅತ್ತೆ ಲಿಂಗವನ್ನು ಎತ್ತಿ ಕಣ್ಣಿಗೊತ್ತಿಕೊಂಡು, ನಮ್ಮ ಮನೆತನದ ಅಯ್ಯನವರಿಗೆ ಹೇಳಿಕಳಿಸಿದರು. ಅವರು ಬಂದಾಗ, ‘ಬಿದ್ದದ್ದು ನನ್ನ ಕೈಯಾಗಿಂದರಿ. ಏನ್ ಮಾಡಬೇಕು ನನಗ ಹೇಳ್ರಿ’ ಅಂದರು. ಅಯ್ಯನವರು ಹೇಳಿದ ಉಪವಾಸವನ್ನು ತಾವೇ ಮಾಡಿದರು. ಸಂಜೆ ನನ್ನನ್ನು ಹತ್ತಿರ ಕರೆದು, ‘ಇಷ್ಟ ದಿನ ನಾ ಆಕಿ ಕೈ ನೋಡಿದ್ದಿಲ್ಲವ್ವಾ’ ಅಂದರು.

ಮರುದಿನದಿಂದ ಮೊದಲು ಹಾಲು ರೊಟ್ಟಿ, ಗುಳಿಗೆ, ಬಿಸಿನೀರು, ಪೂಜೆ ಆಮೇಲೆ. ಮೊಮ್ಮಗಳ ಅಂಗೈಯ ಕೆಳಗೆ ತಮ್ಮ ಅಂಗೈ ಕೊಟ್ಟು ಅತ್ತೆ ಕೂಡುತ್ತಿದ್ದರು. ಓಣಿಯ ಬಾಯಿ ಮುಚ್ಚಲಿಲ್ಲ, ಗಂಡನ ಪಾಳಿ ಬದಲಾಗಲಿಲ್ಲ, ರೈಲಿಗೆ ಹೋಗುವವಳು ನಾನೊಬ್ಬಳೇ ಉಳಿದೆ. ಆದರೂ ಬೆಳಗಿನ ಕೈಯನ್ನು ಕಂಡ ಇನ್ನೊಬ್ಬರು ಮನೆಯಲ್ಲಿದ್ದಾರಲ್ಲ ಎಂದು ನನಗೆ ಊಟ ರುಚಿಸತೊಡಗಿತು.

ಮಗಳು ಕಾಲೇಜಿಗೆ ಹೋಗುವ ಕಾಲಕ್ಕೆ ಅತ್ತೆ ತೀರಿಕೊಂಡರು. ರೂಢಿಯಂತೆ ಅವರನ್ನು ಗೋಡೆಗೆ ಆನಿಸಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಡಲು ಹೋದರೆ ಸೆಟೆದ ಕೈ ಬಿಚ್ಚಲಿಲ್ಲ. ಯಾರೋ ಬೆರಳು ಹಿಡಿದು ಎಳೆಯತೊಡಗಿದರು. ಬೆಳಗಿನ ಹೊತ್ತು, ಮಗಳು ಗೋಡೆ ಹಿಡಿದುಕೊಂಡು ಬಂದು ಅಜ್ಜಿಯ ಪಕ್ಕ ಕೂತಳು.

‘ಜಗ್ಗಬ್ಯಾಡ್ರಿ. ಬಿಸಿನೀರಿನ ಅರಿವಿ ತರ್ರಿ, ತಾನ ಬಿಚ್ಚತದ’ ಅಂದಳು.

ಬಟ್ಟೆ ಸುತ್ತಿ, ಒಂದೊಂದೇ ಬೆರಳನ್ನು ನೀವಿ ಬಿಡಿಸಿದಳು. ಲಿಂಗ ಇಟ್ಟಾದ ಮೇಲೂ ಅಜ್ಜಿಯ ಕೈ ಕೆಳಗಿಂದ ತನ್ನ ಕೈ ತೆಗೆಯಲಿಲ್ಲ.

ಮನೆಯ ಸಾವಿನ ಗದ್ದಲ ಮುಗಿದು ನೆಂಟರೆಲ್ಲ ಹೋದ ಮೇಲೆ, ಒಂದು ಬೆಳಿಗ್ಗೆ ಮಗಳು ಪೂಜೆಗೆ ಕೂತಳು. ನಾನು ಅವಳ ಅಂಗೈಯ ಕೆಳಗೆ ನನ್ನ ಅಂಗೈ ಕೊಟ್ಟೆ.

‘ಅವ್ವಾ, ಆಯೀದು ಇನ್ನೊಂದೀಟು ಮ್ಯಾಲ ಇರ್ತಿತ್ತು’ ಅಂದಳು.