ಹೆಗ್ಗಣರಾಜನ ಕನ್ನಡ

ಬಿಸಿಯಾದ ಟಿವಿ ಗಾಜಿನ ಮೇಲೆ ಒದ್ದೆ ಬಟ್ಟೆ ಆಡಿಸಿದರೆ ಮೊದಲ ಮಳೆಯ ವಾಸನೆ ಬರುತ್ತದೆ. ಯಶವಂತನಗರದಲ್ಲಿ ಬೆಳೆದವರು ಮಾತ್ರ ಇದನ್ನು ನಂಬುತ್ತಾರೆ. ಅದಿರಿನ ಲಾರಿಗಳ ಕೆಂಧೂಳು ನಮ್ಮ ಅನ್ನದ ಮೇಲೂ ಕೂರುತ್ತಿತ್ತು, ಟಿವಿಯನ್ನು ಬಿಟ್ಟೀತೆ? ಕಾರ್ಟೂನಿನ ಹುಡುಗಿ ನಿಜಕ್ಕೂ ಗುಲಾಬಿ ಬಣ್ಣದವಳು. ಧೂಳಿನ ಹಿಂದೆ ನನ್ನದೇ ಬಣ್ಣದವಳಾಗಿರುತ್ತಿದ್ದಳು. ಸಂಜೆ ಐದಕ್ಕೆ ದೊಡ್ಡವ್ವ ಗಾಜು ಒರೆಸಿದೊಡನೆ ನನಗೆ ಸಣ್ಣ ದುಃಖ. ಅಂದೇ ಆಯಿತೋ, ಈಗ ಸೇರಿಸುತ್ತಿದ್ದೇನೋ, ಆಣೆ ಮಾಡಿ ಹೇಳಲಾರೆ.

ಕಾರ್ಟೂನು ಹಿಂದಿಯದು. ಕಿರೀಟ ತೊಟ್ಟ ಹೆಗ್ಗಣರಾಜ ದಿನಕ್ಕೊಂದು ಗುಡ್ಡ ಕೊರೆದು ತಿನ್ನುತ್ತಾನೆ, ಆ ಹುಡುಗಿ ದಿನವೂ ಅವನನ್ನು ಪೆದ್ದನನ್ನಾಗಿ ಮಾಡುತ್ತಾಳೆ. ಅಜ್ಜಿಗೆ ಹಿಂದಿಯ ಗಂಧವಿಲ್ಲ. ದೊಡ್ಡಪ್ಪನ ಹಿಂದಿ ತನ್ನ ಲಾರಿಗಳ ಡ್ರೈವರುಗಳನ್ನು ಬೈಯುವಲ್ಲಿಗೆ ಮುಗಿಯುತ್ತಿತ್ತು. ಹಿಂದಿ ಪರೀಕ್ಷೆ ಕಟ್ಟಿ ಪಾಸಾಗಿದ್ದ ದೊಡ್ಡವ್ವನೇ ತನ್ನ ಅತ್ತೆಯಾದ ಅಜ್ಜಿಗೆ ಸಾಲು ಸಾಲಾಗಿ ಕನ್ನಡ ಮಾಡಿ ಹೇಳುತ್ತಿದ್ದಳು. ಆ ವರ್ಷ ಆಕೆಗೆ ತವರಿನಿಂದ ಬಂದಿದ್ದ ಎರಡೆಕರೆ ಜೋಳದ ಹೊಲವನ್ನು ಅದಿರು ಸುರಿಯಲು ಬಿಟ್ಟುಕೊಡಬೇಕೆಂದು ದೊಡ್ಡಪ್ಪ ಕಾಗದ ಬರೆಸಿಟ್ಟಿದ್ದ. ಆಕೆಯ ಸಹಿಯೊಂದು ಬಾಕಿ. ಗಂಡನೆದುರು ಒಲ್ಲೆನೆನ್ನುವ ರೂಢಿ ನಮ್ಮ ಮನೆಯ ಹೆಂಗಸರಿಗಿರಲಿಲ್ಲ. ಕಾರ್ಟೂನಿಗೆ ಅಂಥ ರೂಢಿಗಳ ಹಂಗಿಲ್ಲ.

“‘ಎರಡೆಕ್ರೆ ಕೊಡು, ರಾಣಿ ಮಾಡ್ತೀನಿ’ ಅಂತಾನ್ರಿ ಅತ್ತಿ, ಈ ಹೆಗ್ಗಣ.”

“ಅವನ ಬಾಯಾಗ ಮಣ್ಣು ಹಾಕ! ಆಕಿ ಏನಂದ್ಲು?”

“ಒಲ್ಲೆ ಅಂದ್ಲು.”

ದೊಡ್ಡಪ್ಪ ಪೇಪರು ಕೆಳಗಿಳಿಸಿದ. “ಹೆಗ್ಗಣಕ್ಕ ಎಕರೆ ಲೆಕ್ಕ ಯಾರು ಕಲಿಸಿದ್ರು?”

“ನನ್ನ ಯಾಕ ಕೇಳ್ತೀರಿ? ಟಿವಿ ಕೇಳ್ರಿ.”

ಬರಬರುತ್ತಾ ದೊಡ್ಡಪ್ಪನೂ ಆ ಹುಡುಗಿಯೊಂದಿಗೇ ಚೌಕಾಸಿಗಿಳಿದ. “ಒಂದ ವರ್ಷದ ಮಟ್ಟಿಗಂದ್ರ ಆಕಿ ಏನಂತಾಳ?” ಆಕೆ ಅದಕ್ಕೂ ಒಲ್ಲೆನೆಂದಳು.

ಕೆಡಿಸಿದವಳು ನಾನು. ಶಾಲೆಯಲ್ಲಿ ಹೊಸದಾಗಿ ಹಿಂದಿ ಶುರುವಾಗಿತ್ತು, ಅದರ ಜಂಬದಲ್ಲಿ ಒಂದು ಸಂಜೆ ಕೂಗಿಯೇಬಿಟ್ಟೆ: “ದೊಡ್ಡವ್ವ, ಆಕಿ ಒಲ್ಲೆ ಅಂದಿಲ್ಲ! ಇನ್ನೊಂದು ಮಿಠಾಯಿ ಕೊಡು ಅಂದ್ಲು!”

ದೊಡ್ಡಪ್ಪ ಜಂತಿ ಅದುರುವಂತೆ ನಕ್ಕ. ನಗುತ್ತಲೇ ಒಳಗೆ ಹೋಗಿ ಕಾಗದ ತಂದ, ಪೆನ್ನಿನ ಟೋಪಿ ತೆಗೆದು ಹೆಂಡತಿಯ ಮುಂದೆ ಹಿಡಿದ. ದೊಡ್ಡವ್ವ ನನ್ನತ್ತ ಒಮ್ಮೆ ನೋಡಿ, ಪೆನ್ನು ತೆಗೆದುಕೊಂಡಳು. ಆಗ ಚಾಪೆಯ ಮೇಲಿಂದ ಅಜ್ಜಿಯ ದನಿ ಬಂತು:

“ಬಾಯಿ ಮುಚ್ಚಲೇ, ಹುಡುಗಿ. ಮೊನ್ನಿ ಹಿಂದಿ ಕಲ್ತಾಕಿ ನನಗ ಹೇಳಾಕ ಬಂದಾಳ. ಆಕಿ ಒಲ್ಲೆ ಅಂದ್ಲು. ನಾ ಕೇಳೀನಿ.” ಮಗನತ್ತ ತಿರುಗಿದಳು. “ಯಾಕ, ನಿನಗ ಕೇಳಿಸ್ಲಿಲ್ಲೇನು?”

ದೊಡ್ಡಪ್ಪ ಕಾಗದ ಮಡಚಿ ಜೇಬಿಗಿಟ್ಟ. ಆಮೇಲೆ, “ಕೇಳಿಸ್ತು,” ಎಂದು ಹೆಂಡತಿಯ ಕೈಯಿಂದ ಪೆನ್ನು ವಾಪಸು ತೆಗೆದುಕೊಂಡ.

ಗಣಿಗಳು ನಿಂತವು, ದೊಡ್ಡಪ್ಪನ ಲಾರಿಗಳು ಕೈಬಿಟ್ಟುಹೋದವು, ಮೊದಲು ಅಜ್ಜಿ, ಆಮೇಲೆ ದೊಡ್ಡವ್ವ ಹೋದರು. ಹೊಲದಲ್ಲಿ ಈಗಲೂ ಜೋಳ ಬಿತ್ತುತ್ತಾರೆ. ಮೊನ್ನೆ ಆ ಕಂತು ಫೋನಿನಲ್ಲಿ ಸಿಕ್ಕಿತು. ಹುಡುಗಿ ಕೇಳುವುದು ಮಿಠಾಯಿಯನ್ನೇ. ನನ್ನ ಹಿಂದಿ ಸರಿಯಾಗಿತ್ತು. ಸದ್ದು ಪೂರ್ತಿ ನಿಲ್ಲಿಸಿ ಇನ್ನೊಮ್ಮೆ ನೋಡಿದೆ. ಅವಳ ತುಟಿ ಆಡುತ್ತಲೇ ಇತ್ತು. ಏನಂದಳೆಂದು ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.